ಉಳಿಸಿಕೊಂಡ ಮೀಸೆ

ರಾಮಾಂಜಿನಪ್ಪ ತೊಟ್ಟಿಯ ನೀರನ್ನು ಚೊಂಬಿನಲ್ಲಿ ಮೊಗೆದು ನೆತ್ತಿಗೆ ತಟ್ಟತೊಡಗಿದಾಗ ಕೇಶವ ಅಪ್ಪನ ಮುಖವನ್ನು ನೆನೆಯಲು ನೋಡಿದ. ಹತ್ತನೇ ದಿನದ ಕ್ಷೌರಕ್ಕೆ ಕೂತ ಮಗ ನೆನೆಯಬೇಕಾದದ್ದು ಅದನ್ನೇ ತಾನೆ. ಬಂದದ್ದು ಮಾತ್ರ ಹಡಗಿನ ಅಡುಗೆಯ ಕೊಂಡಪ್ಪನ ಕೈ. ಎಷ್ಟು ತೊಳೆದರೂ ಈರುಳ್ಳಿ ವಾಸನೆ ಬಿಡದ, ಗಿಡ್ಡ ಬೆರಳಿನ ಆ ಕೈ ಮೂರು ವರ್ಷದ ಹಿಂದೆ ಇದೇ ನೆತ್ತಿಗೆ ಹೀಗೇ ನೀರು ತಟ್ಟಿತ್ತು. "ಅಳ್ಬೇಡಿ ಸ್ವಾಮಿ, ದೊಡ್ಡೋರು ಹೋಗೋದು ಇದ್ದಿದ್ದೇ" ಎಂದಿದ್ದ ಕೊಂಡಪ್ಪ. ಅಂದು ಕೇಶವ ಅಳುತ್ತಲೇ ಇರಲಿಲ್ಲ, ಅಳುತ್ತಿದ್ದವನು ಕೊಂಡಪ್ಪ. ಕಣ್ಣೀರು ಒರೆಸಿಕೊಳ್ಳಲು ಅವನು ಕತ್ತಿಯನ್ನು ಎಡಗೈಗೆ ಬದಲಾಯಿಸಿದಾಗಲೆಲ್ಲ ಕೇಶವನಿಗೆ ಎದ್ದು ನಿಂತು, ಬೇಡ ಕಣೋ, ನಮ್ಮಪ್ಪ ಬದುಕಿದ್ದಾರೆ, ಚಿಂತಾಮಣಿಯಲ್ಲಿ ಜಗಲಿಯ ಮೇಲೆ ಕೂತು ಪೇಪರ್ ಓದುತ್ತಿದ್ದಾರೆ ಎಂದು ಹೇಳಿಬಿಡಬೇಕು ಅನ್ನಿಸುತ್ತಿತ್ತು. ಹೇಳಲಿಲ್ಲ. ಅರ್ಧ ತಲೆ ಬೋಳಾದ ಮೇಲೆ ಹೇಳುವುದಾದರೂ ಹೇಗೆ ಎಂದು ತನಗೇ ಒಂದು ಸಮಾಧಾನ ಹೇಳಿಕೊಂಡಿದ್ದ. ಮನುಷ್ಯನಿಗೆ ಹೇಳದೆ ಇರುವುದಕ್ಕೆ ಒಂದು ಕಾರಣ ಬೇಕು ಅಷ್ಟೆ, ಬೋಳಿಸಿದ ಅರ್ಧ ತಲೆಯಾದರೂ ಆದೀತು.

"ತಲೆ ಇಷ್ಟು ಬಗ್ಗಿಸಿ ಸ್ವಾಮಿ" ಎಂದ ರಾಮಾಂಜಿನಪ್ಪ. ಕೇಶವ ಬಗ್ಗಿಸಿದ. ಕೆಳಗೆ ಕೆಂಪು ಮಣ್ಣು, ಅದರ ಮೇಲೆ ತನ್ನದೇ ಕೂದಲು, ಅಲ್ಲಲ್ಲಿ ಬಿಳಿ. ಬೋರ್‌ವೆಲ್ಲಿನ ಪೈಪಿನಿಂದ ನೀರು ಸಿಮೆಂಟ್ ತೊಟ್ಟಿಗೆ ಬೀಳುವ ಸದ್ದು. ತೊಟ್ಟಿಯ ಆಚೆ ಹಿಪ್ಪುನೇರಳೆ ಸಾಲುಗಳು, ಅದರಾಚೆ ಕೈವಾರದ ಬೆಟ್ಟ. ಕೈವಾರದಲ್ಲೇ ಕರ್ಮ ಮಾಡೋಣವೆಂದರೆ ಪುರೋಹಿತರು ಅಲ್ಲಿನ ಕಲ್ಯಾಣಿಯ ನೀರು ನೋಡಿ ಮೂಗು ಮುಚ್ಚಿಕೊಂಡಿದ್ದರು. ಸುದ್ದಿ ಹೇಗೋ ಕಿವಿಗೆ ಬಿದ್ದು ಚಿಕ್ಕವೆಂಕಟಮ್ಮನೇ ಚಿಂತಾಮಣಿಯ ಮನೆಬಾಗಿಲಿಗೆ ಬಂದು, "ನಮ್ ತೋಟ್ದಾಗೇ ಮಾಡ್ರಿ ಸ್ವಾಮಿ, ಬೋರಿನ ನೀರು ಐತೆ, ಯಾರೂ ಮುಟ್ಟಿರಲ್ಲ" ಎಂದಿದ್ದಳು. ಚಿಕ್ಕವೆಂಕಟಮ್ಮ ಕೊಂಡಪ್ಪನ ತಾಯಿ. ಕೇಶವ ತಲೆ ತಗ್ಗಿಸಿ ಒಪ್ಪಿಕೊಂಡ. ಅಮ್ಮ ಸುಂದರಮ್ಮನೂ ತಲೆ ತಗ್ಗಿಸಿ ನಿಂತಿದ್ದರು. ಯಾರ ಮಗನನ್ನು ಸಮುದ್ರದ ಆಚೆ ಕಟ್ಟಿಹಾಕಿ ಬಂದನೋ ಅವಳ ನೆಲದಲ್ಲೇ ಕೂತು, ಅವಳ ನೀರಿನಲ್ಲೇ ಅಪ್ಪನಿಗೆ ತರ್ಪಣ ಬಿಡಬೇಕಾದ ಗತಿ. ಬೆಳಿಗ್ಗೆ ಬಂದಾಗ ಅವಳು ತೊಟ್ಟಿಯ ಸುತ್ತ ಗುಡಿಸಿ, ನೀರು ಚಿಮುಕಿಸಿ, ದೂರದಲ್ಲಿ ಸೊಪ್ಪಿನ ಚೀಲ ಹಿಡಿದು ನಿಂತಿದ್ದಳು. ತನಗೆ ಏನೂ ಗೊತ್ತಿಲ್ಲದವಳ ಹಾಗೆ. ಅವಳಿಗೆ ಎಲ್ಲವೂ ಗೊತ್ತಿತ್ತು.

ಕೊಂಡಪ್ಪನನ್ನು ಬಿಟ್ಟುಬಂದ ಬಂದರಿನ ಹೆಸರು ತಾಷ್‌ಲಿಮಾನ್. ತುರ್ಕಿಯ ತೆಂಕಣ ಕರಾವಳಿಯಲ್ಲಿ, ಉಸ್ಮಾನಿ ಸುಲ್ತಾನರ ಕಾಲದ ಹಳೆಯ ಸುಂಕದ ಕಟ್ಟೆ, ನಿಂತುಹೋದ ಗಡಿಯಾರದ ಗೋಪುರ, ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ ಸುಲ್ತಾನನ ಮುದ್ರೆ. ಮೊದಲ ದಿನ ಹಡಗಿನ ಕಟಕಟೆಗೆ ಒರಗಿ ಅದನ್ನು ನೋಡಿದಾಗ ಕೇಶವನ ಎದೆ ಉಬ್ಬಿತ್ತು. ಚಿಂತಾಮಣಿಯ ಹೈಸ್ಕೂಲು ಮೇಷ್ಟ್ರ ಮಗ, ಅಪ್ಪನ ಭೂಪಟದ ಮೇಲೆ ಬೆರಳಿಟ್ಟು ಬೆಳೆದವನು, ಹಡಗಿನವನಿಗೆ ಹೆಣ್ಣು ಕೊಡುವವರಿಲ್ಲ ಎಂದು ಅಮ್ಮ ಗೋಳಾಡಿದರೂ ಕಿವಿಗೆ ಹಾಕಿಕೊಳ್ಳದೆ ಹೊರಟವನು, ಕೊನೆಗೂ ಒಂದು ಕತೆಯ ಒಳಗೆ ಕಾಲಿಟ್ಟ ಹಾಗಾಗಿತ್ತು. ಕತೆ ಶುರುವಾಗಲು ತಡವೂ ಆಗಲಿಲ್ಲ. ಹಡಗಿನ ಮಾಲೀಕ ಸಾಲ ತೀರಿಸದೆ ಎಲ್ಲೋ ಕೈಯೆತ್ತಿದ, ಅಲ್ಲಿನ ಕೋರ್ಟು ಹಡಗನ್ನು ಹಿಡಿದಿಟ್ಟಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಕ್ಯಾಪ್ಟನ್ನನ ಕ್ಯಾಬಿನ್ನಿನಲ್ಲಿ ಅವನ ಚಪ್ಪಲಿ ಬಿಟ್ಟರೆ ಏನೂ ಇರಲಿಲ್ಲ. ಆಗ ಬಂದವನು ಹಡಗಿನ ಸ್ಥಳೀಯ ಏಜೆಂಟು ನೆಜ್ದೆತ್ ಬೇ, ಬೇ ಎಂದರೆ ಅಲ್ಲಿ ಸಾಹೇಬ. ತೋಳು ಹಿಡಿದು, ನಡು ಸಣ್ಣಗಾದ ಗಾಜಿನ ಲೋಟದಲ್ಲಿ ಕಪ್ಪು ಚಹ ಕುಡಿಸಿ, ಎಲ್ಲರ ಎದುರು "ಕ್ಯಾಪ್ಟನ್ ಕೇಶವ್" ಎಂದು ಕರೆದ. ಹೆಗಲ ಮೇಲೆ ನಾಲ್ಕು ಪಟ್ಟಿಯ ಬಿಳಿ ಅಂಗಿಯನ್ನೂ ಹೊಲಿಸಿ ತಂದ. ಹಿಡಿದಿಟ್ಟ ಹಡಗಿಗೆ ಒಬ್ಬ ಕಾವಲುಗಾರ ಬೇಕು, ಅದು ದೊಡ್ಡ ಗೌರವ, ಇಲ್ಲಿ ಒಂದು ಸಹಿ ಮಾಡಿ ಎಂದ. ಕೇಶವ ಆ ಅಂಗಿ ತೊಟ್ಟುಕೊಂಡೇ ಸಹಿ ಮಾಡಿದ. ಹಡಗು ಹರಾಜಾಗುವ ತನಕ ಕಾವಲುಗಾರ ಬಂದರು ಬಿಟ್ಟು ಕದಲುವಂತಿಲ್ಲ, ತನ್ನ ಬದಲಿಗೆ ಇನ್ನೊಬ್ಬನನ್ನು ನಿಲ್ಲಿಸಿದರೆ ಮಾತ್ರ ಬಿಡುಗಡೆ ಎಂಬುದು ಆಮೇಲೆ ಗೊತ್ತಾಯಿತು. ಅಂಗಿಯ ಅಳತೆ ಮಾತ್ರ ಸರಿಯಾಗಿತ್ತು.

ಅದು ಗೊತ್ತಾದ ಮೇಲೂ ಕೆಲವು ದಿನ ಅವನಿಗೆ ಖುಷಿಯೇ ಇತ್ತು ಎಂದರೆ ಯಾರು ನಂಬುತ್ತಾರೆ? ಬಂದರಿನ ಕಾಫಿ ಅಂಗಡಿಯಲ್ಲಿ ಅವನಿಗಾಗಿ ಜನ ಕಾಯುತ್ತಿದ್ದರು. ಬಿಳಿ ಬೂಟಿನವನೊಬ್ಬ ಬಂದು, ಹಡಗಿನ ಹೊಟ್ಟೆಯಲ್ಲಿ ಸಿಮೆಂಟ್ ಚೀಲಗಳ ಕೆಳಗೆ ಬೇರೆ ಏನೋ ಇದೆಯಂತಲ್ಲ ಎಂದು ಪಿಸುಗುಟ್ಟಿದ. ಮರುದಿನ ಇನ್ನೊಬ್ಬ ಬಂದು, ಆ ಬಿಳಿ ಬೂಟಿನವನನ್ನು ನಂಬಬೇಡ, ಅವನು ಪೊಲೀಸಿನವರ ಕಿವಿ ಎಂದ. ನೆಜ್ದೆತ್ ಬೇ ಇಬ್ಬರನ್ನೂ ನಂಬಬೇಡ ಎಂದು ತೊಡೆ ತಟ್ಟಿ ನಕ್ಕ. ಕೇಶವ ಹುಬ್ಬು ಗಂಟಿಕ್ಕಿಕೊಂಡು, ಎಲ್ಲ ಅರ್ಥವಾದವನ ಹಾಗೆ ಚಹ ಹೀರಿದ. ಒಂದು ಮಧ್ಯಾಹ್ನ, ಮಸೀದಿಯಿಂದ ಆಜಾನ್ ಕೇಳಿಬರುತ್ತಿದ್ದಾಗ, ನೆಜ್ದೆತ್ ಬೇ ಅವನನ್ನು ಊಟಕ್ಕೆ ಕರೆದುಕೊಂಡು ಹೋದ. ತಿರುಗಿ ಬಂದಾಗ ಹಡಗಿನ ಕೆಳ ಅಂತಸ್ತಿನ ಬೀಗ ಒಡೆದಿತ್ತು, ಸಿಮೆಂಟ್ ಚೀಲಗಳು ಪಕ್ಕಕ್ಕೆ ಸರಿದಿದ್ದವು, ಏನೋ ಇದ್ದ ಜಾಗ ಖಾಲಿಯಾಗಿತ್ತು. "ಕಾವಲುಗಾರ ನೀನು. ಯಾರಾದರೂ ಕೇಳಿದರೆ ಉತ್ತರ ಹೇಳಬೇಕಾದವನೂ ನೀನೇ" ಎಂದ ನೆಜ್ದೆತ್ ಬೇ, ಹಲ್ಲುಕಡ್ಡಿ ಆಡಿಸುತ್ತ. ಅಂದು ಅಂಗಿಯ ಬೆನ್ನೆಲ್ಲ ಬೆವರಿನಲ್ಲಿ ತೊಯ್ದು ಅಂಟಿಕೊಂಡಿತು. ಕತೆಯ ನಾಯಕ ಅಂದುಕೊಂಡಿದ್ದವನು ಯಾರದೋ ಬಾಗಿಲಿಗೆ ಹಾಕಿದ ಬೀಗ ಮಾತ್ರವಾಗಿದ್ದ.

"ಕಿವಿ ಹಿಂದೆ ಬಿಸಿಲು ಬಿತ್ತಾ ಸ್ವಾಮಿ, ಈ ಕಡೆ ತಿರುಗ್ರಿ." ಕತ್ತಿ ಕಿವಿಯ ಮೇಲಿನಿಂದ ಇಳಿಯಿತು. ತೋಟದ ಹಾದಿಯಲ್ಲಿ ಪುರೋಹಿತರು ಫೋನಿನಲ್ಲಿ ಇನ್ನೊಂದು ಮನೆಯ ಶ್ರಾದ್ಧಕ್ಕೆ ಹೊತ್ತು ಗೊತ್ತುಮಾಡುತ್ತಿದ್ದರು. ಅಮ್ಮ ಪಂಪ್‌ಹೌಸಿನ ನೆರಳಿನಲ್ಲಿ, ಎಳ್ಳಿನ ತಟ್ಟೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹಣೆ ಬರಿದಾಗಿ ಮುಖ ಸಣ್ಣದಾಗಿತ್ತು. ಮೂರು ವರ್ಷದ ಹಿಂದೆ ಬೋಳು ತಲೆ ಹೊತ್ತು ಆಟೋದಿಂದ ಇಳಿದ ಮಗನನ್ನು ನೋಡಿ ಇದೇ ಅಮ್ಮ ಚೀರಿದ್ದರು. "ಅಯ್ಯೋ, ಅಪ್ಪ ಬದುಕಿರೋವಾಗ ಇದೇನೋ ಅನಿಷ್ಟ!" ಆಮೇಲೆ ಬೀದಿಯವರಿಗೆಲ್ಲ ತಿರುಪತಿ ಹರಕೆ ಎಂದು ತಾವೇ ಹೇಳಿಕೊಂಡು ಬಂದರು. ಅಪ್ಪ ಸತ್ಯಮೂರ್ತಿಗಳು ಮಾತ್ರ ಪೇಪರನ್ನು ಮಡಿಚಿಟ್ಟು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಮಗನನ್ನು ಉದ್ದಕ್ಕೂ ನೋಡಿದರು. ತಿರುಪತಿಯ ಮಾತು ಅವರ ಹತ್ತಿರ ನಡೆಯುವಂಥದ್ದಲ್ಲ. ಊಟಕ್ಕೆ ಕೂತಾಗ ಕೇಶವನೇ ಎಲ್ಲವನ್ನೂ ಹೇಳಿದ. ಅಪ್ಪ ಸಾರನ್ನ ಕಲಸುತ್ತ ಕೇಳಿಸಿಕೊಂಡರು. ಕೊನೆಗೆ, "ಮೀಸೆ ಉಳಿಸ್ಕೊಂಡಿದೀಯ. ಅಷ್ಟರ ಮಟ್ಟಿಗೆ ನಾನು ಬದುಕಿದೀನಿ" ಎಂದರು. ಅಮ್ಮ ಎದ್ದು ಒಳಗೆ ಹೋದರು.

ಮೀಸೆಯ ಕತೆ ಇಷ್ಟು. ಅಪ್ಪನಿಗೆ ಸೀರಿಯಸ್ಸು, ಯಾರಾದರೂ ಬದಲಿಗೆ ನಿಂತರೆ ಹೋಗಿಬರಬಹುದು ಎಂದು ನೆಜ್ದೆತ್ ಬೇಗೆ ಕೇಶವ ಹೇಳಿಯಾಗಿತ್ತು. ಮಿಕ್ಕವರೆಲ್ಲ ಒಬ್ಬೊಬ್ಬರಾಗಿ ಹೊರಟುಹೋಗಿ, ಹಡಗಿನಲ್ಲಿ ಉಳಿದಿದ್ದವನು ಅಡುಗೆಯ ಕೊಂಡಪ್ಪ ಒಬ್ಬನೇ. ಪೆರೇಸಂದ್ರದ ಹೈವೇ ಹೋಟೆಲಿನಲ್ಲಿ ಮುದ್ದೆ ತಿರುವುತ್ತಿದ್ದವನ ಕೈರುಚಿಗೆ ಮನಸೋತು, ಬಾರಪ್ಪ ಲೋಕ ನೋಡುವಂತೆ ಎಂದು ಕೇಶವನೇ ಕರೆತಂದು ಹಡಗು ಹತ್ತಿಸಿದ್ದ. ಆದರೆ ಸೀರಿಯಸ್ಸು ಎಂದರೆ ಸಾಲುವುದಿಲ್ಲ, ಕೊಂಡಪ್ಪನೂ ಮನೆಯನ್ನು ನೆನೆದು ಮುಸುಡಿ ಊದಿಸಿಕೊಂಡು ಕೂತಿದ್ದವನೇ. ಹಾಗಾಗಿ ಒಂದು ಬೆಳಿಗ್ಗೆ ಕೇಶವ ಅಡುಗೆಮನೆಗೆ ಹೋಗಿ, ಫೋನು ಬಂತು, ಅಪ್ಪ ಹೋದರು, ನನ್ನ ತಲೆ ಬೋಳಿಸು ಎಂದ. ತಲೆ ಬೋಳಿಸಿಕೊಳ್ಳುತ್ತೇನೆ ಅನ್ನುವ ಮಗನ ಮಾತನ್ನು ನಮ್ಮ ಕಡೆ ಯಾರು ಅನುಮಾನಿಸುತ್ತಾರೆ? ಕೊಂಡಪ್ಪ ಒಲೆಯ ಮೇಲಿನ ಪಾತ್ರೆ ಇಳಿಸಿ, "ಕೊಳ್ಳಿ ಇಡೋರು ನೀವೇ ಸ್ವಾಮಿ, ಹೋಗ್ರಿ. ಎರಡು ವಾರ ತಾನೆ, ನಾನಿರ್ತೀನಿ" ಎಂದ. ಅಷ್ಟು ಸುಲಭವಾಗಿ. ತಲೆ ಮುಗಿಸಿ ಕತ್ತಿಯನ್ನು ಮೇಲ್ದುಟಿಗೆ ತಂದಾಗ ಕೇಶವನ ಕೈ ತಾನಾಗಿಯೇ ಎದ್ದು ಅವನ ಮಣಿಕಟ್ಟನ್ನು ಹಿಡಿಯಿತು. ಅಪ್ಪ ಬದುಕಿರುವಾಗ ಮೀಸೆ ತೆಗೆಸಬಾರದು. ಸುಳ್ಳು ಹೇಳಲು ಹೆದರದವನಿಗೆ ಆ ಒಂದು ಹೆದರಿಕೆ ಎಲ್ಲಿತ್ತೋ. ತಲೆಗಾದರೆ ತಿಮ್ಮಪ್ಪನ ನೆಪ ಹೇಳಬಹುದು, ಮೀಸೆ ತೆಗೆದರೆ ಅಪ್ಪನನ್ನು ನಿಜವಾಗಿ ಕೊಂದ ಹಾಗೆ ಅನ್ನಿಸಿತ್ತು. "ಮೀಸೆ ಬೇಡ. ನಮ್ಮಲ್ಲಿ ಅದನ್ನ ಊರಲ್ಲೇ ತೆಗೀಬೇಕು" ಎಂದು ತೊದಲಿದ. ಕೊಂಡಪ್ಪ ಕತ್ತಿಯನ್ನು ಹಾಗೇ ಹಿಡಿದು ಒಂದು ಗಳಿಗೆ ನಿಂತ. "ಹೂಂ ಸ್ವಾಮಿ" ಎಂದ. ಕತ್ತಿಯನ್ನು ನೀರಲ್ಲಿ ಅದ್ದಿ, ಒರೆಸಿ, ಮಡಿಚಿದ. ನಂಬಿದ ಎಂದು ಕೇಶವ ಉಸಿರು ಬಿಟ್ಟ.

ಆ ಎರಡು ವಾರ ಮೂರು ವರ್ಷವಾಯಿತು. ಹಡಗು ಹರಾಜಾಗಲಿಲ್ಲ. ಕೇಶವ ಶಿಡ್ಲಘಟ್ಟದ ರೇಷ್ಮೆ ಟ್ವಿಸ್ಟಿಂಗ್ ಮಿಲ್ಲಿನಲ್ಲಿ ಮೇಲ್ವಿಚಾರಕನಾದ. ಅಲ್ಲಿನ ಯಂತ್ರಗಳ ಸದ್ದು ಎಂಜಿನ್ ರೂಮಿನದರಂತೆಯೇ ಇತ್ತು, ಸಮುದ್ರವೊಂದು ಇರಲಿಲ್ಲ. ರಾಯಭಾರ ಕಚೇರಿಗೆ ಬರೆದ, ಯಾರಯಾರದೋ ಬಾಗಿಲು ಬಡಿದ, ಎಲ್ಲರೂ ನೋಡೋಣ ಎಂದರು. ನೆಜ್ದೆತ್ ಬೇ ಒಂದೇ ಮಾತು ಹೇಳುತ್ತಿದ್ದ. ನೀನು ಬಾ, ಅವನು ಹೋಗಲಿ. ಆ ಮಾತು ಬಂದಾಗಲೆಲ್ಲ ಕೇಶವ ಅಪ್ಪನ ವಯಸ್ಸು, ಅಪ್ಪನ ಉಬ್ಬಸ, ಅಪ್ಪನಿಗೆ ತಾನೊಬ್ಬನೇ ಮಗ ಎಂಬುದನ್ನು ಮುಂದೆ ಹಿಡಿಯುತ್ತಿದ್ದ. ಬರುವುದಕ್ಕೆ ಅಪ್ಪನ ಸಾವನ್ನು ನೆಪ ಮಾಡಿಕೊಂಡವನು ಹೋಗದಿರುವುದಕ್ಕೆ ಅಪ್ಪನ ಬದುಕನ್ನು ನೆಪ ಮಾಡಿಕೊಂಡ. ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಅಪ್ಪ ಅವನ ಕೈ ಹಿಡಿದು, "ಇನ್ನು ನಿಂಗೆ ನೆಪ ಇರಲ್ಲ ಕಣಪ್ಪಾ" ಎಂದರು. ಬೈಗುಳವಲ್ಲ, ಪಾಪ, ಮಗನ ಬಗ್ಗೆ ಅವರಿಗೆ ನಿಜವಾದ ಮರುಕವಿತ್ತು. ಇವತ್ತು ಕರ್ಮ ಮುಗಿದ ಮೇಲೆ ಕೊಂಡಪ್ಪನಿಗೆ ಫೋನು ಮಾಡಿ ಬರುತ್ತೇನೆ ಎಂದು ಹೇಳಬೇಕು, ಹೇಳಿಯೇ ತೀರಬೇಕು ಎಂದು ಕೇಶವ ಹತ್ತು ದಿನದಿಂದಲೂ ಅಂದುಕೊಳ್ಳುತ್ತಿದ್ದ. ಆದರೆ ಯಾಕೆ ಇಷ್ಟು ದಿನ ಬರಲಿಲ್ಲ ಎಂದು ಅವನು ಕೇಳಿದರೆ? ಅಪ್ಪ ಎಂದೋ ಹೋದರಲ್ಲ ಸ್ವಾಮಿ ಎಂದರೆ?

ಹೊರಗಿನವರಲ್ಲಿ ಈ ಸುಳ್ಳು ಮೊದಲು ತಿಳಿದದ್ದು ಚಿಕ್ಕವೆಂಕಟಮ್ಮನಿಗೆ. ಕೇಶವ ಊರಿಗೆ ಬಂದ ಹೊಸದರಲ್ಲಿ ಮಗನ ಸುದ್ದಿ ಕೇಳಲು, ಹಾಗೇ ಸಾವಿನ ಮನೆಯನ್ನು ಮಾತಾಡಿಸಲು ಎಂದು ಅವರೆಕಾಯಿಯ ಚೀಲ ಹೊತ್ತು ಚಿಂತಾಮಣಿಗೆ ಬಂದಿದ್ದಳು. ಜಗಲಿಯ ಮೇಲೆ ಸತ್ಯಮೂರ್ತಿಗಳು ಕೂತಿದ್ದರು. "ಯಾರಮ್ಮಾ?" ಎಂದು ಅವರೇ ಕೇಳಿದರು. ಅವಳು ಅವರನ್ನು ನೋಡಿದಳು, ಬಾಗಿಲಿಗೆ ಬಂದು ನಿಂತ ಕೇಶವನ ತಲೆಯ ಮೇಲೆ ಆಗತಾನೇ ಚಿಗುರಿದ ಕೂದಲನ್ನು ನೋಡಿದಳು. ಕೂಗಾಡಲಿಲ್ಲ. "ಒಂದು ಲೋಟ ನೀರು ಕೊಡ್ರಿ" ಎಂದಳು. ಕುಡಿದು, ಚೀಲ ಅಲ್ಲೇ ಬಿಟ್ಟು ಹೋದಳು. ಅವಳು ಮಣ್ಣು ತೂರಿ ಶಾಪ ಹಾಕಿದ್ದರೆ ಕೇಶವ ಇಷ್ಟು ಹೊತ್ತಿಗೆ ಸುಧಾರಿಸಿಕೊಂಡಿರುತ್ತಿದ್ದ. ಆಮೇಲೊಮ್ಮೆ ಅವಳು ಮುರುಗಮಲ್ಲಕ್ಕೆ ಹೊರಟವಳು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ವಾರವಾರ ದರ್ಗಾಕ್ಕೆ ಹೋಗಿ ಮಗನ ಹೆಸರಲ್ಲಿ ಸಕ್ಕರೆ ಓದಿಸಿ ಹಂಚುತ್ತಿದ್ದಳು. "ನನ್ ಮಗ ಇರೋದು ಅವರ ದೇಶ ಅಲ್ವಾ ಸ್ವಾಮಿ, ಇಲ್ಲಿಂದ ಹೇಳಿದ್ರೆ ಅಲ್ಲಿಗೆ ಕೇಳ್ತದೆ" ಎಂದಳು. ಕೇಶವ ಏನೋ ಹೇಳಲು ಬಾಯಿ ತೆರೆದ. ಅವಳು ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಅವನಿಗೆ ನಾನು ಹೇಳಿಲ್ಲ. ಒಬ್ಬರ ಕೊಳ್ಳಿಗೆ ಅಡ್ಡ ಬರಲಿಲ್ಲ, ಒಳ್ಳೇದು ಮಾಡಿದೀನಿ ಅಂತ ಅಂದ್ಕಂಡವ್ನೆ. ಅಲ್ಲಿ ಒಬ್ನೇ ಕೂತಿರೋನಿಗೆ ಅದೊಂದಾದ್ರೂ ಇರ್ಲಿ. ಕಿತ್ಕಂಡು ನನಗೇನಾಗಬೇಕು?" ಎಂದು ಬಸ್ಸು ಹತ್ತಿದಳು. ಕೇಶವ ಅಲ್ಲೇ ನಿಂತಿದ್ದ. ಕಂಡಕ್ಟರು ಹತ್ತುತ್ತೀರೋ ಇಲ್ಲವೋ ಎಂದು ಗದರಿದ.

ಮುಂದಲೆಯ ಒಂದು ಹಿಡಿ ಕೂದಲು ಇನ್ನೂ ಉಳಿದಿರುವಾಗ ಫೋನು ಬಡಿದುಕೊಂಡಿತು. ಚಿಕ್ಕವೆಂಕಟಮ್ಮನ ಸೊಂಟದ ಚೀಲದಲ್ಲಿ. ದಿನಾ ಈ ಹೊತ್ತಿಗೆ ಕೊಂಡಪ್ಪ ಹಡಗಿನ ಮೇಲಟ್ಟಕ್ಕೆ ಹತ್ತಿ, ಸಿಗ್ನಲ್ ಸಿಗುವ ಮೂಲೆಯಲ್ಲಿ ನಿಂತು ತಾಯಿಗೆ ವಿಡಿಯೋ ಕಾಲ್ ಮಾಡುತ್ತಾನೆ. ಅವಳು ರೂಢಿಯಂತೆ ಒತ್ತಿಬಿಟ್ಟಳು, ಆಮೇಲೆ ತಾನು ಎಲ್ಲಿ ನಿಂತಿದ್ದೇನೆ ಎಂಬುದು ನೆನಪಾಗಿ ಫೋನನ್ನು ಎದೆಗೆ ಒತ್ತಿಕೊಂಡಳು. ಹೊತ್ತು ಮೀರಿತ್ತು, ಅವಳ ಬೆನ್ನ ಹಿಂದಿನ ತೊಟ್ಟಿಯನ್ನು ಅವನು ನೋಡಿಯಾಗಿತ್ತು.

"ಅಮ್ಮಾ, ತೊಟ್ಟಿ ಹತ್ರ ಜನ ಯಾಕೆ? ಕ್ಷೌರಕ್ಕೆ ಕೂತಿರೋರು ಯಾರು, ಸ್ವಾಮಿಗಳಲ್ವಾ?"

ಚಿಕ್ಕವೆಂಕಟಮ್ಮ ಕೇಶವನನ್ನು ನೋಡಿದಳು. ಪಂಪ್‌ಹೌಸಿನ ನೆರಳಿನತ್ತ ನೋಡಿದಳು. "ಹೂಂ ನಾಯ್ನಾ" ಎಂದಳು. "ಅವರಮ್ಮ. ಸುಂದರಮ್ಮನೋರು. ಹೋಗ್ಬಿಟ್ರು ಕಣಪ್ಪಾ."

ಕೂತಲ್ಲೇ ತನ್ನ ಸಾವನ್ನು ಕೇಳಿಸಿಕೊಂಡ ಸುಂದರಮ್ಮ ಕಣ್ಣು ಕೂಡ ಮಿಟುಕಿಸಲಿಲ್ಲ. ಎಳ್ಳಿನ ತಟ್ಟೆಯನ್ನು ಸದ್ದಾಗದಂತೆ ನೆಲಕ್ಕಿಟ್ಟರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗೋಡೆ ಹಿಡಿದು ಎದ್ದು, ಫೋನಿನ ಕಣ್ಣಿಗೆ ಬೀಳದ ಹಾಗೆ ಪಂಪ್‌ಹೌಸಿನ ಹಿಂದಕ್ಕೆ ಸರಿದುಹೋದರು. ಹತ್ತು ದಿನದ ಹಿಂದೆ ಗಂಡನನ್ನು ಕಳಕೊಂಡ ಹೆಂಗಸು ಮಗನಿಗೋಸ್ಕರ ತಾನೂ ಸತ್ತು ಮರೆಯಾದಳು. ಕೇಶವನಿಗೆ ಏಳಬೇಕು, ಕೂಗಬೇಕು ಅನ್ನಿಸಿತು. ಕತ್ತಿ ನೆತ್ತಿಯ ಮೇಲಿತ್ತು.

"ಫೋನು ಸ್ವಾಮಿಗಳ ಕೈಗೆ ಕೊಡಮ್ಮಾ."

ಚಿಕ್ಕವೆಂಕಟಮ್ಮ ಕೊಟ್ಟಳು. ಕೊಟ್ಟವಳೇ ಅತ್ತ ಓಡಿದಳು. ಪಂಪ್‌ಹೌಸಿನ ಹಿಂದಿನಿಂದ, "ತಪ್ಪಾಯ್ತು ತಾಯೀ, ನನ್ ಬಾಯಿಗೆ ಹುಳ ಬೀಳಾ, ತಪ್ಪಾಯ್ತು" ಎಂದು ಅವಳು ಅಮ್ಮನ ಕೈ ಹಿಡಿದು ಅಳುತ್ತಿರುವುದು ಕೇಳಿಸಿತು. ರಾಮಾಂಜಿನಪ್ಪ ತಿಳಿವಳಿಕೆಯುಳ್ಳವನು, ಕತ್ತಿ ಮಸೆಯುವ ನೆಪದಲ್ಲಿ ತೊಟ್ಟಿಯ ಆಚೆ ಹೋದ.

ಕೊಂಡಪ್ಪನ ಗಡ್ಡದಲ್ಲಿ ಬಿಳಿ ಇಣುಕಿತ್ತು. ಅವನ ಬೆನ್ನ ಹಿಂದೆ ಸುಂಕದ ಕಟ್ಟೆ, ನಿಂತ ಗಡಿಯಾರ. ಅವನು ಕೇಶವನ ತಲೆಯನ್ನು, ಮುಖವನ್ನು ನಿಧಾನಕ್ಕೆ ನೋಡಿದ. ಕಡಲ ಗಾಳಿಯ ಸದ್ದು ಫೋನಿನಲ್ಲಿ ಬರ್ರೆನ್ನುತ್ತಿತ್ತು.

"ಯಜಮಾನ್ರಾ ಸ್ವಾಮಿ?" ಎಂದ.

ಕೇಶವನಿಗೆ ಪ್ರಶ್ನೆ ಅರ್ಥವಾಗಲು ಹೊತ್ತು ಹಿಡಿಯಿತು. ಅವನು ಕೇಳುತ್ತಿದ್ದುದು ಅಪ್ಪನನ್ನು. "ಹೂಂ" ಎಂದ.

"ತುಂಬಾ ನರಳಿದ್ರಾ?"

"ಇಲ್ಲ. ಕೊಂಡಪ್ಪಾ, ನಿನಗೆ..."

"ನಮ್ಮಮ್ಮ ಸುಳ್ಳು ಹೇಳಿದ್ಳು ಅಂತ ಬೇಜಾರು ಮಾಡ್ಕಬೇಡಿ. ಅವಳ ಲೆಕ್ಕದಾಗೆ ನಾನು ಏನೂ ತಿಳೀದೋನು. ಹಂಗೇ ಇರ್ಲಿ ಬಿಡಿ, ಮುದುಕಿ."

"ನಾನು ಬರ್ತೀನಿ ಕಣೋ. ನೀನು ಬಂದ್ಬಿಡು ಮನೆಗೆ. ಈ ಸಲ ನಾನು ಬಂದೇ ಬರ್ತೀನಿ." ಧ್ವನಿ ಒಡೆದುಹೋಯಿತು. ಅಪ್ಪನಿಗಾಗಿ ಬಾರದ ಅಳು ಈಗ ಬಂತು, ಮೂಗು ಬಾಯಿ ಒಂದಾಗಿ, ನಾಚಿಕೆಯಿಲ್ಲದೆ.

"ಹೂಂ ಸ್ವಾಮಿ" ಎಂದ ಕೊಂಡಪ್ಪ. ಅಂದು ಕತ್ತಿ ಮಡಿಚುವಾಗ ಅಂದದ್ದೂ ಇದೇ ದನಿಯಲ್ಲಿ. ಆ ದನಿಯಲ್ಲಿ ನಂಬಿಕೆ ಅಂದೂ ಇರಲಿಲ್ಲವೆಂಬುದು ಕೇಶವನಿಗೆ ಈಗ ತಿಳಿಯಿತು. ಗೊತ್ತಿದ್ದೂ ನಿಂತಿದ್ದ. ಕೊಂಡಪ್ಪ ಫೋನಿಗೆ ಇನ್ನಷ್ಟು ಹತ್ತಿರ ಬಂದು ಮೆಲ್ಲಗೆ, "ಈ ಸಲ ಮೀಸೆನೂ ತೆಗೆಸ್ಬಿಡಿ ಸ್ವಾಮಿ. ಆವತ್ತು ನನ್ ಕೈ ಹಿಡ್ಕಂಡ್ರಲ್ಲ" ಎಂದ. ಅವನ ಮುಖ ಅಲ್ಲೇ ನಿಂತುಹೋಯಿತು. ಸಿಗ್ನಲ್ ಹೋಗಿತ್ತು.

ರಾಮಾಂಜಿನಪ್ಪ ತಿರುಗಿ ಬಂದು, ಉಳಿದ ಕೂದಲನ್ನು ಇಳಿಸಿ, ಮೇಲ್ದುಟಿಗೆ ನೀರು ಹಚ್ಚಿದ. ಚಿಕ್ಕವೆಂಕಟಮ್ಮ ಕಣ್ಣೊರೆಸಿಕೊಳ್ಳುತ್ತ ಬಂದು ಫೋನಿಗೆ ಕೈ ನೀಡಿದಳು. ಹೆದರಿದ ಮುಖ.

"ಏನಂದ ಸ್ವಾಮಿ ನನ್ ಮಗ? ನಂಬಿದ್ನಾ?"

ಕೇಶವ ಬಾಯಿ ತೆರೆದ.

"ಬಾಯಿ ಮುಚ್ಕಳ್ರಿ ಸ್ವಾಮಿ" ಎಂದ ರಾಮಾಂಜಿನಪ್ಪ. "ಕತ್ತಿ ತಾಗ್ತದೆ."